ಸೈಪ್ರಸ್‌ನಲ್ಲಿ ಸೈಕಲ್ ಪ್ರವಾಸ: ಕರಾವಳಿ ಬಯಲಿನಿಂದ ಟ್ರೂಡೋಸ್ ಬೆಟ್ಟದ ಹಳ್ಳಿಗಳ ತನಕ, ಹಂತ ಹಂತವಾಗಿ

ಸೈಪ್ರಸ್‌ಗೆ ಸೈಕಲ್ ಹೊತ್ತುಕೊಂಡು ಹೋಗಿ ಬಂದವರು ಹೇಳುವ ಕತೆ ಹೆಚ್ಚೂ ಕಡಿಮೆ ಒಂದೇ. ಮೊದಲ ದಿನ ಲಾರ್ನಕಾದಿಂದ ಹೊರಟು ಬಯಲಿನಲ್ಲಿ 80 ಕಿ.ಮೀ. ಹೊಡೆದರು. ಹುರುಪೋ ಹುರುಪು. ಎರಡನೇ ದಿನ ಬೆಟ್ಟದ ಕಡೆ ತಿರುಗಿದರು, ಮಧ್ಯಾಹ್ನಕ್ಕೆಲ್ಲ ಸೈಕಲ್ ತಳ್ಳುತ್ತಿದ್ದರು. ಮೂರನೇ ದಿನ ಟ್ಯಾಕ್ಸಿ. ಉಳಿದ ನಾಲ್ಕು ದಿನ ಬೀಚಿನಲ್ಲಿ ಕೂತು ಬಂದರು.

ಕಾಲಲ್ಲಿ ಶಕ್ತಿ ಸಾಲದೆ ಹೀಗಾಗುವುದು ಕಡಿಮೆ. ಮಾಡಬೇಕಾದ ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ. ಎಲ್ಲರೂ ಕಿಲೋಮೀಟರ್ ನೋಡಿ ದಿನ ಹಂಚುತ್ತಾರೆ. ಈ ದ್ವೀಪದ ಅತಿ ಎತ್ತರದ ಒಲಿಂಪಸ್ ಶಿಖರ 1952 ಮೀಟರ್. ಅಲ್ಲಿಂದ ದಕ್ಷಿಣದ ಕಡಲಿಗೆ ನೇರ ಗೆರೆ ಎಳೆದರೆ 40 ಕಿ.ಮೀ. ಕೂಡ ಇಲ್ಲ. ಹಾಗಾಗಿ ಇಲ್ಲಿ ಲೆಕ್ಕ ಹಾಕಬೇಕಾದ್ದು ಏರಿಕೆಯನ್ನು.

ಕೆಳಗಿರುವುದು ಏಳು ದಿನದ ಒಂದು ಸುತ್ತು: ಲಾರ್ನಕಾ, ಟೋಖ್ನಿ, ಲೆಫ್ಕರಾ, ಆಗ್ರೋಸ್, ಪ್ಲಾಟ್ರೆಸ್, ಒಮೊಡೋಸ್, ಲಿಮಸೋಲ್, ಮತ್ತೆ ಲಾರ್ನಕಾ. ಮೊದಲ ಸಲ ಹೋಗುವವರಿಗೆ ಇಷ್ಟು ಸಾಕು. ವೀಸಾ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ದೆಹಲಿಯ ಸೈಪ್ರಸ್ ಹೈಕಮಿಷನ್‌ನಲ್ಲಿ ಕೇಳಿಕೊಳ್ಳಿ.

## ಹಂತ 1: ತಿಂಗಳು ಆರಿಸಿ

ಮಾರ್ಚ್ ಕೊನೆಯಿಂದ ಮೇ ಮಧ್ಯದ ತನಕ, ಇಲ್ಲವೇ ಅಕ್ಟೋಬರ್ ಮಧ್ಯದಿಂದ ನವೆಂಬರ್ ತನಕ. ಅಲ್ಲಿನ ಬೇಸಿಗೆ ಬೇಡವೇ ಬೇಡ. ಬಯಲಿನಲ್ಲಿ 35 ಡಿಗ್ರಿ ದಾಟುತ್ತದೆ, ಬೆಟ್ಟದಲ್ಲಿ ಪೈನ್ ಕಾಡಿಗೆ ಬೆಂಕಿಯ ಭಯ. 2021ರ ಜುಲೈನಲ್ಲಿ ದೊಡ್ಡ ಕಾಡ್ಗಿಚ್ಚು ಎದ್ದದ್ದು ಅರಕಪಾಸ್ ಸುತ್ತಮುತ್ತ. ನಮ್ಮ ಮೂರನೇ ದಿನದ ದಾರಿ ಹೋಗುವುದು ಅದೇ ಊರಿನ ಮೇಲೆ. ಜನವರಿ, ಫೆಬ್ರವರಿಯಲ್ಲಿ ಟ್ರೂಡೋಸ್ ತುದಿಯಲ್ಲಿ ಹಿಮ ಇರುತ್ತದೆ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಈಸ್ಟರ್. ಅಲ್ಲಿನ ಆರ್ಥೊಡಾಕ್ಸ್ ಈಸ್ಟರ್ ಸಾಮಾನ್ಯವಾಗಿ ನಮ್ಮ ಕ್ಯಾಲೆಂಡರಿನ ಈಸ್ಟರ್ ದಿನ ಬರುವುದಿಲ್ಲ. ಆ ವಾರ ಪಟ್ಟಣದವರೆಲ್ಲ ಊರಿಗೆ ಬಂದಿರುತ್ತಾರೆ, ಕೋಣೆ ಸಿಗಲ್ಲ, ಅಂಗಡಿ ಮುಚ್ಚಿರುತ್ತದೆ. ತಾರೀಖು ನೋಡಿಕೊಂಡೇ ಬುಕ್ ಮಾಡಿ. ಇನ್ನೊಂದು, ನವೆಂಬರಿನ ಹಗಲು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಐದು ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಆರೂವರೆ ತನಕ ಬೆಳಕಿರುವ ನಮ್ಮ ಅಭ್ಯಾಸದಲ್ಲಿ ಹೊರಟರೆ ಕತ್ತಲಲ್ಲಿ ಘಾಟಿ ಇಳಿಯಬೇಕಾಗುತ್ತದೆ.

ನವೆಂಬರ್, ಡಿಸೆಂಬರಿನಲ್ಲಿ ಬುಧವಾರ ಮತ್ತು ಭಾನುವಾರ ಬೇಟೆಗಾರರು ಗುಡ್ಡಗಳಲ್ಲಿ ಇರುತ್ತಾರೆ. ಗುಂಡಿನ ಸದ್ದು ಕೇಳಿದರೆ ಗಾಬರಿ ಬೇಡ. ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಹಾಕಿ, ಡಾಂಬರು ಬಿಟ್ಟು ಪೊದೆಯೊಳಗೆ ಹೋಗಬೇಡಿ.

## ಹಂತ 2: ಗೇರಿನ ಲೆಕ್ಕ ಮಾಡಿ

ಎಲ್ಲಕ್ಕಿಂತ ಹೆಚ್ಚು ಪ್ರವಾಸಗಳು ಕೆಡುವುದು ಇಲ್ಲೇ. ಅದೂ ಮನೆ ಬಿಡುವ ಮುಂಚೆಯೇ. ಕಾಗದ ಪೆನ್ನು ತಗೊಳ್ಳಿ.

ಪೆಡಲ್ಲಿನ ಬಳಿ ಚೈನು ಕೂರುವ ಹಲ್ಲುಚಕ್ರಗಳಲ್ಲಿ ಸಣ್ಣದರ ಹಲ್ಲು ಎಣಿಸಿ. ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆಯನ್ನು 2.1ರಿಂದ ಗುಣಿಸಿದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂದು ಗೊತ್ತಾಗುತ್ತದೆ.

ಅಂಗಡಿಯಲ್ಲಿ ಸಿಗುವ ಎಷ್ಟೋ ಸೈಕಲ್‌ಗಳಲ್ಲಿ ಮುಂದೆ 34, ಹಿಂದೆ 28 ಇರುತ್ತದೆ. ಅಂದರೆ 1.21. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 9 ಕಿ.ಮೀ. ವೇಗ ಹಿಡಿಯಲೇಬೇಕು. ನೀವು, ಸೈಕಲ್, ಸಾಮಾನು ಎಲ್ಲ ಸೇರಿ 110 ಕೆ.ಜಿ. ಅಂದುಕೊಳ್ಳಿ. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಈ ವೇಗಕ್ಕೆ 220 ವ್ಯಾಟ್ ಬೇಕು. ಅಷ್ಟನ್ನು ಎರಡು ಗಂಟೆ ಕೊಡುವ ಕಾಲು ನಮ್ಮಲ್ಲಿ ಎಷ್ಟು ಜನಕ್ಕಿದೆ? ಅದೇ ಮುಂದೆ 30, ಹಿಂದೆ 36 ಇದ್ದರೆ 150 ವ್ಯಾಟ್ ಸಾಕು. ಮುಂದೆ 26 ಹಾಕಿಸಿದರೆ 130. ಕಾಲು ಅದೇ, ಬೆಟ್ಟ ಅದೇ, ತಳ್ಳುವುದು ಮಾತ್ರ ತಪ್ಪುತ್ತದೆ.

ಹಲ್ಲುಗಳನ್ನು ಭಾಗಿಸಿದಾಗ ಬರುವ ಉತ್ತರ 0.9ಕ್ಕಿಂತ ಕಡಿಮೆ ಇರಬೇಕು. 0.75 ಬಂದರೆ ಸುಖ. ಹೆಚ್ಚಿದ್ದರೆ ಹೋಗುವ ಎರಡು ತಿಂಗಳ ಮುಂಚೆ ಬದಲಾಯಿಸಿ.

ಇಲ್ಲಿ ಆಗುವ ತಪ್ಪು: ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಂಪು) ಒಂದನ್ನೇ ಬದಲಾಯಿಸಿ ಬರುವುದು. 36 ಹಲ್ಲಿಗೆ ಹಳೆಯ ಗಿಡ್ಡ ತೋಳಿನ ಡಿರೇಲರ್ (ಗೇರು ಬದಲಿಸುವಾಗ ಚೈನನ್ನು ಪಕ್ಕಕ್ಕೆ ಸರಿಸುವ ಭಾಗ) ಸಾಮಾನ್ಯವಾಗಿ ಒಗ್ಗಲ್ಲ, ಚೈನಿನ ಉದ್ದವೂ ಸಾಲದು. ಮೂರನ್ನೂ ಒಟ್ಟಿಗೆ ಮಾಡಿಸಿ.

ಅಭ್ಯಾಸದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನವರು ಖಾಲಿ ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತಿ, ಮೇಲೆ ಫೋಟೋ ತೆಗೆದು, ‘ರೆಡಿ’ ಅಂತಾರೆ. 12 ಕೆ.ಜಿ. ಕಟ್ಟಿಕೊಂಡು ಒಂದೇ ಬೆಳಗ್ಗೆ ಎರಡು ಸಲ ಹತ್ತಿ. ಮರುದಿನ ಎದ್ದು ಇನ್ನೊಂದು 50 ಕಿ.ಮೀ. ತುಳಿಯಿರಿ. ಆ ಮರುದಿನವೇ ನಿಜವಾದ ಪರೀಕ್ಷೆ.

## ಹಂತ 3: ಸಾಮಾನು ತೂಗಿ ಕಟ್ಟಿ

ಬ್ಯಾಗು, ಬಟ್ಟೆ, ಉಪಕರಣ ಎಲ್ಲ ಸೇರಿ 12 ಕೆ.ಜಿ. ದಾಟಬಾರದು. ಟೆಂಟು ಬೇಡ. ಹಳ್ಳಿಗಳಲ್ಲಿ ಹಳೆ ಕಲ್ಲಿನ ಮನೆಗಳನ್ನು ಸರಿಮಾಡಿ ಬಾಡಿಗೆಗೆ ಕೊಡುತ್ತಾರೆ. ಟೋಖ್ನಿ, ಕಲವಸೋಸ್, ಲೆಫ್ಕರಾಗಳಲ್ಲಿ ಇವು ಸುಲಭವಾಗಿ ಸಿಗುತ್ತವೆ. ಟೆಂಟಿನ ಮೂರು ಕೆ.ಜಿ. ಜಾಗದಲ್ಲಿ ನೀರು ಹೊರಬಹುದಲ್ವಾ?

ಉಪಕರಣ ಮಾತ್ರ ಬಿಡಬೇಡಿ. ಬೆಟ್ಟದ ಹಳ್ಳಿಯಲ್ಲಿ ಸೈಕಲ್ ಅಂಗಡಿ ಸಿಗುತ್ತದೆ ಎಂದು ನಂಬಬೇಡಿ. ಇವಿಷ್ಟು ಇರಲಿ:

- ಎರಡು ಟ್ಯೂಬು, ಪ್ಯಾಚು, ಟೈರ್ ಲಿವರ್, ಪಂಪು
- ಅಲೆನ್ ಕೀಗಳು, ಪೆಡಲ್ ಬಿಚ್ಚುವ ಸ್ಪ್ಯಾನರ್
- ಚೈನ್ ಕಟ್ಟರ್, ಒಂದು ಜೋಡಿಸುವ ಕೊಂಡಿ
- ನಿಮ್ಮ ಚಕ್ರದ ಅಳತೆಯದೇ ಮೂರು ಸ್ಪೋಕು, ಸ್ಪೋಕ್ ಕೀ
- ಎರಡು ಜೊತೆ ಬ್ರೇಕ್ ಪ್ಯಾಡ್
- ನಿಮ್ಮ ಸೈಕಲ್ಲಿನದೇ ಡಿರೇಲರ್ ಹ್ಯಾಂಗರ್ ಒಂದು
- ಕ್ಯಾರಿಯರ್ ಬೋಲ್ಟು ನಾಲ್ಕು, ಜಿಪ್ ಟೈ, ಇನ್ಸುಲೇಶನ್ ಟೇಪು
- ಮುಂದೆ ಬಿಳಿ, ಹಿಂದೆ ಕೆಂಪು ದೀಪ

ಹ್ಯಾಂಗರ್ ಅಂದರೆ ಹಿಂದಿನ ಡಿರೇಲರ್ ತೂಗುವ ಸಣ್ಣ ಅಲ್ಯೂಮಿನಿಯಂ ತುಂಡು. ಪ್ರತಿ ಸೈಕಲ್ಲಿಗೂ ಬೇರೆ ಬೇರೆ ಆಕಾರ, ಅಲ್ಲಿ ಹುಡುಕಿದರೆ ಸಿಗುವ ಭರವಸೆ ಇಲ್ಲ. ಚಾರ್ಜರಿಗೆ ಬ್ರಿಟಿಷ್ ಮೂರು ಚೌಕ ಪಿನ್ನಿನ ಅಡಾಪ್ಟರ್ ಬೇಕು.

## ಹಂತ 4: ಪೆಟ್ಟಿಗೆಗೆ ಹಾಕುವುದು, ಬಿಚ್ಚಿ ಜೋಡಿಸುವುದು

1. ಪೆಡಲ್ ಬಿಚ್ಚಿ. ಎಡ ಪೆಡಲ್ಲಿನ ತಿರುಪು ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ.
2. ಹಿಂದಿನ ಡಿರೇಲರನ್ನು ಹ್ಯಾಂಗರಿನಿಂದ ಬಿಚ್ಚಿ, ಬಟ್ಟೆ ಸುತ್ತಿ ಒಳಗೆ ಕಟ್ಟಿ.
3. ಡಿಸ್ಕ್ ಬ್ರೇಕಿನ ಸೈಕಲ್ ಆದರೆ ಚಕ್ರ ತೆಗೆದ ಮೇಲೆ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಇಡಿ. ಇಲ್ಲದಿದ್ದರೆ ಯಾರಾದರೂ ಲಿವರ್ ಒತ್ತಿದಾಗ ಪ್ಯಾಡುಗಳು ಕೂಡಿಬಿಡುತ್ತವೆ.
4. ಟೈರಿನ ಗಾಳಿ ಅರ್ಧ ಬಿಡಿ.
5. ಒಲೆಯ ಗ್ಯಾಸ್ ಡಬ್ಬಿ ವಿಮಾನಕ್ಕೆ ನಿಷಿದ್ಧ, ಅದನ್ನು ಮರೆತುಬಿಡಿ.

ಲಾರ್ನಕಾದಲ್ಲಿ ಜೋಡಿಸಿದ ಮೇಲೆ ಎಲ್ಲರೂ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ‘ಚೆನ್ನಾಗಿದೆ’ ಅಂತಾರೆ. ಸಾಲದು. ಹಿಂದಿನ ಚಕ್ರ ಎತ್ತಿ ಹಿಡಿದು, ಕೈಯಲ್ಲಿ ಪೆಡಲ್ ತಿರುಗಿಸುತ್ತಾ, ಅತಿ ಹಗುರದ ಗೇರಿಗೆ ಹಾಕಿ. ಹಿಂದೆ ಕೂತು ನೋಡಿ: ಡಿರೇಲರಿನ ಪಂಜರ ನೆಟ್ಟಗೆ ತೂಗುತ್ತಿದೆಯಾ, ಸ್ಪೋಕಿನ ಕಡೆ ವಾಲಿದೆಯಾ? ಚಕ್ರ ತಿರುಗುವಾಗ ‘ಟಿಕ್ ಟಿಕ್’ ಸದ್ದು ಬಂದರೆ ಹ್ಯಾಂಗರ್ ಬಾಗಿರಬಹುದು.

ಬಯಲಿನ ಮೊದಲ ದಿನ ಆ ಹಗುರದ ಗೇರು ಬೇಕಾಗುವುದೇ ಇಲ್ಲ. ಎರಡನೇ ದಿನ ಮೊದಲ ಕಡಿದಾದ ತಿರುವಿನಲ್ಲಿ ಅದಕ್ಕೆ ಹಾಕುತ್ತೀರಿ, ಡಿರೇಲರ್ ಸ್ಪೋಕಿನೊಳಗೆ ಹೋಗಿ ಮುರಿಯುತ್ತದೆ. ನನ್ನ ಮೊದಲ ಪ್ರವಾಸ ಹೀಗೇ ಕಲವಸೋಸ್‌ನ ಮೇಲಿನ ಒಂದು ತಿರುವಿನಲ್ಲಿ ಅರ್ಧ ದಿನ ನಿಂತಿತ್ತು. ಕೊನೆಗೆ ಚೈನು ಗಿಡ್ಡ ಮಾಡಿ ಒಂದೇ ಗೇರಿನಲ್ಲಿ ಲಿಮಸೋಲಿಗೆ ಇಳಿದೆ.

## ಹಂತ 5: ದಾರಿಯನ್ನು ಮನೆಯಲ್ಲೇ ಗೀಚಿ

ಸೈಪ್ರಸ್ ರಸ್ತೆಗಳಿಗೆ ಅಕ್ಷರ ಇದೆ. ಎ ಅಂದರೆ ಮೋಟಾರುದಾರಿ, ಸೈಕಲ್ಲಿಗೆ ಪ್ರವೇಶವಿಲ್ಲ. ಬಿ ಅಂದರೆ ಹಳೆಯ ಮುಖ್ಯರಸ್ತೆ. ಇ ಮತ್ತು ಎಫ್ ಹಳ್ಳಿ ರಸ್ತೆಗಳು, ನಮಗೆ ಬೇಕಾದವು. ಎ1, ಎ5, ಎ6 ಬಂದಮೇಲೆ ಉದ್ದ ಪ್ರಯಾಣದ ಕಾರುಗಳು ಅಲ್ಲಿಗೆ ಹೋದವು, ಪಕ್ಕದ ಹಳೆ ರಸ್ತೆಗಳು ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಾದವು.

ಫೋನಿನ ನಕ್ಷೆಗೆ ‘ಸೈಕಲ್ ದಾರಿ’ ಕೇಳಿದರೆ ಅದು ಎರಡು ಬಗೆಯಲ್ಲಿ ಮೋಸ ಮಾಡುತ್ತದೆ. ಒಂದೋ ಎರಡು ಹಳ್ಳಿಗಳ ನಡುವೆ ಹತ್ತಿರದ ಗೆರೆ ಅಂತ ಕಾಡಿನ ಮಣ್ಣು ದಾರಿಗೆ ಕಳಿಸುತ್ತದೆ. ಇಲ್ಲವೇ ಲಾರ್ನಕಾದ ಪೂರ್ವಕ್ಕೆ, ದ್ವೀಪವನ್ನು ಎರಡು ಮಾಡಿದ ವಿಶ್ವಸಂಸ್ಥೆಯ ನಡುಪಟ್ಟಿಯ ಕಡೆ ಎಳೆಯುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಆ ತಾಪತ್ರಯ ಬೇಡ. ಮೊದಲ ಸಲ ಲಾರ್ನಕಾದ ಪಶ್ಚಿಮಕ್ಕೇ ಇರಿ, ಉತ್ತರದ ವಿಮಾನ ನಿಲ್ದಾಣದಲ್ಲಂತೂ ಇಳಿಯಬೇಡಿ. ದಕ್ಷಿಣದ ಸರ್ಕಾರ ಅದನ್ನು ಕಾನೂನಿನ ಪ್ರವೇಶ ಎಂದು ಒಪ್ಪುವುದಿಲ್ಲ.

ಹೀಗೆ ಮಾಡಿ:

1. ಹಳ್ಳಿಯಿಂದ ಹಳ್ಳಿಗೆ ಕೈಯಲ್ಲೇ ಬಿಂದು ಇಟ್ಟು ದಾರಿ ಗೀಚಿ. ಪ್ರತಿ ತುಂಡನ್ನೂ ಉಪಗ್ರಹ ಚಿತ್ರದಲ್ಲಿ ದೊಡ್ಡದು ಮಾಡಿ ನೋಡಿ. ಬೂದು ಬಣ್ಣ ಡಾಂಬರು, ಬಿಳಿ ಅಥವಾ ಕಂದು ಮಣ್ಣು.
2. ಪ್ರತಿ ದಿನದ ಒಟ್ಟು ಏರಿಕೆ ಬರೆದುಕೊಳ್ಳಿ.
3. ಬಯಲಿಗೆ ಗಂಟೆಗೆ 16 ಕಿ.ಮೀ. ಹಿಡಿದು ಸಮಯ ಹಾಕಿ. ಅದಕ್ಕೆ ಪ್ರತಿ 100 ಮೀ. ಏರಿಕೆಗೆ 15 ನಿಮಿಷ ಸೇರಿಸಿ.
4. ಒಟ್ಟು ಏಳು ಗಂಟೆ ದಾಟಿದರೆ ಆ ದಿನವನ್ನು ಒಡೆದು ಎರಡು ಮಾಡಿ.
5. ಗೀಚಿದ ದಾರಿಯ ಜಿಪಿಎಕ್ಸ್ ಫೈಲನ್ನು ಫೋನಿನಲ್ಲಿ ಆಫ್‌ಲೈನ್ ಇಟ್ಟುಕೊಳ್ಳಿ. ಊರುಗಳ ಪಟ್ಟಿ ಕಾಗದದಲ್ಲೂ ಇರಲಿ.

ಉದಾಹರಣೆಗೆ 55 ಕಿ.ಮೀ., 1300 ಮೀ. ಏರಿಕೆ ಇರುವ ದಿನ. ಬಯಲಿನ ಲೆಕ್ಕದಲ್ಲಿ ಮೂರೂವರೆ ಗಂಟೆ. ಏರಿಕೆಗೆ ಮೂರೂಕಾಲು ಗಂಟೆ. ಆರೂಮುಕ್ಕಾಲು ಆಯಿತು. ಊಟ, ಕಾಫಿ, ದಾರಿ ತಪ್ಪುವುದು ಸೇರಿದರೆ ಒಂಬತ್ತು. ಬರೀ 55 ಅಂತ ನೋಡಿದವರು ಹತ್ತು ಗಂಟೆಗೆ ಆರಾಮಾಗಿ ಹೊರಟಿರುತ್ತಾರೆ!

ಊರಿನ ಹೆಸರಿನಲ್ಲಿ ‘ಪಾನೊ’ ಅಂದರೆ ಮೇಲಿನದು, ‘ಕಾಟೊ’ ಅಂದರೆ ಕೆಳಗಿನದು. ಪಾನೊ ಲೆಫ್ಕರಾ, ಕಾಟೊ ಲೆಫ್ಕರಾ. ಪಾನೊ ಪ್ಲಾಟ್ರೆಸ್, ಕಾಟೊ ಪ್ಲಾಟ್ರೆಸ್. ಕೋಣೆ ಯಾವುದರಲ್ಲಿ ಹಿಡಿದಿದ್ದೀರಿ ಎಂದು ನೋಡಿಕೊಳ್ಳಿ. ದಿನವೆಲ್ಲ ತುಳಿದು ಕೆಳಗಿನ ಊರಿಗೆ ಬಂದು, ಕೋಣೆ ಮೇಲಿನ ಊರಲ್ಲಿದೆ ಅಂತ ಗೊತ್ತಾದಾಗ ಆಗುವ ಸಂಕಟ ಬೇರೆಯದೇ.

## ಹಂತ 6: ಬಯಲಿನ ದಿನ, ಬೇಕೆಂದೇ ಕಡಿಮೆ ತುಳಿಯಿರಿ

ಲಾರ್ನಕಾದ ಉಪ್ಪಿನ ಕೆರೆ ಬಳಸಿ, ಕಿಟಿ, ಮಝೋಟೊಸ್, ಅಲಮಿನೋಸ್ ಮೇಲೆ ಝಿಗಿ. ಅಲ್ಲಿಂದ ಒಳಗೆ ತಿರುಗಿ ಟೋಖ್ನಿ. ಅರ್ಧ ದಿನಕ್ಕೆ ಮುಗಿಯುತ್ತದೆ. ಇನ್ನೂ ಶಕ್ತಿ ಇದೆ ಅಂತ ಮುಂದೆ ಹೋಗಬೇಡಿ, ಆ ಶಕ್ತಿ ನಾಡಿದ್ದಿಗೆ ಬೇಕು.

ಸೈಪ್ರಸ್‌ನಲ್ಲಿ ನಮ್ಮ ಹಾಗೇ ಎಡಕ್ಕೇ ಓಡಿಸುತ್ತಾರೆ. ನಮಗೆ ಸಲೀಸು, ಯುರೋಪಿನಿಂದ ಬರುವ ಪ್ರವಾಸಿಗಳಿಗೆ ಕಷ್ಟ. ನಾನು ಹೋದಾಗ ಬಾಡಿಗೆ ಕಾರಿಗೆ ಕೆಂಪು ನಂಬರ್ ಪ್ಲೇಟ್ ಇತ್ತು. ಕೆಂಪು ಪ್ಲೇಟು ಕಂಡರೆ, ಅದೂ ಹಳ್ಳಿಯ ಕೂಡುರಸ್ತೆಯಲ್ಲಿ, ನಾನು ನಿಂತುಬಿಡುತ್ತಿದ್ದೆ. ರೌಂಡಬೌಟಿನಲ್ಲಿ ಬಲದಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ಅಲ್ಲಿ ಅದನ್ನು ನಿಜವಾಗಿ ಪಾಲಿಸುತ್ತಾರೆ. ನಮ್ಮೂರಿನ ಹಾಗೆ ನುಗ್ಗಬೇಡಿ.

ಎಚ್ಚರಿಕೆ: ಹೊಲದ ಅಂಚಿನಲ್ಲಿ ನೆಗ್ಗಿಲು ಮುಳ್ಳು. ನಮ್ಮ ಬಯಲುಸೀಮೆಯದೇ ಜಾತಿ. ಫೋಟೋಗೆಂದು ಸೈಕಲ್ ರಸ್ತೆ ಬಿಟ್ಟು ಇಳಿಸಿದಿರೋ, ಎರಡೂ ಟೈರು ಹೋಯಿತು. ಎತ್ತಿಕೊಂಡು ಹೋಗಿ. ಪಂಕ್ಚರ್ ಆದರೆ ಟೈರಿನ ಒಳಮೈಯನ್ನು ಬೆರಳಿಂದ ಪೂರ್ತಿ ಸವರಿ ಮುಳ್ಳು ತೆಗೆದ ಮೇಲೇ ಹೊಸ ಟ್ಯೂಬು ಹಾಕಿ.

ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರಾಗುತ್ತದೆ. ಎದುರು ಗಾಳಿಗೆ ಬಗ್ಗಿ ತುಳಿದು ಮಂಡಿ ನೋಯಿಸಿಕೊಳ್ಳುವ ಬದಲು ಬೆಳಗ್ಗೆ ಏಳು ಗಂಟೆಗೇ ಹೊರಡಿ, ಮಧ್ಯಾಹ್ನ ಒಂದು ಗಂಟೆಯೊಳಗೆ ಮುಗಿಸಿ.

## ಹಂತ 7: ಮೊದಲ ಏರು, ಟೋಖ್ನಿಯಿಂದ ಲೆಫ್ಕರಾ

ಇದು ಪರೀಕ್ಷೆಯ ದಿನ. ದೂರ ಕಡಿಮೆ, ಏರಿಕೆ ಸುಮಾರು 500 ಮೀ. ಸೈಕಲ್ಲಿನ, ಸಾಮಾನಿನ, ದೇಹದ ದೋಷಗಳೆಲ್ಲ ಇವತ್ತೇ ಹೊರಗೆ ಬರಲಿ.

ಏರು ಶುರುವಾಗುವ ಮೊದಲೇ ಹಗುರದ ಗೇರಿಗೆ ಬನ್ನಿ. ಏರಿನ ಮಧ್ಯೆ ಭಾರ ಹಾಕಿ ತುಳಿಯುತ್ತಾ ಗೇರು ಬದಲಿಸಿದರೆ ಚೈನು ಹರಿಯುತ್ತದೆ. ವೇಗ ಎಷ್ಟು ಅಂದರೆ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಒಂಟಿಯಾಗಿದ್ದರೆ ಹಾಡು ಗುನುಗಿ ನೋಡಿ. ಉಸಿರು ಕಟ್ಟಿದರೆ ಜಾಸ್ತಿ ಆಯಿತು ಅಂತ. ಒಳ ತಿರುವು ಕಡಿದು, ಹೊರ ಅಂಚು ಮೆತ್ತಗೆ. ಹಿಂದೆ ವಾಹನ ಇಲ್ಲ ಎಂದು ಖಚಿತವಿದ್ದಾಗ ಮಾತ್ರ ಸ್ವಲ್ಪ ಅಗಲಕ್ಕೆ ತಿರುಗಿಸಿ.

ಪ್ರತಿ 40 ನಿಮಿಷಕ್ಕೆ ಏನಾದರೂ ತಿನ್ನಿ, ಹಸಿವಾಗುವ ತನಕ ಕಾಯಬೇಡಿ. ನೀರು ಗಂಟೆಗೆ ಮುಕ್ಕಾಲಿನಿಂದ ಒಂದು ಲೀಟರ್, ಬೆಟ್ಟದ ದಿನ ಮೂರು ಲೀಟರ್ ಹೊತ್ತೇ ಹೊರಡಿ. ಬರೀ ನೀರು ಕುಡಿಯುತ್ತಾ ಹೋದರೂ ತಲೆ ಸುತ್ತುತ್ತದೆ, ಉಪ್ಪು ಬೇಕು. ನಾನು ಚಿಟಿಕೆ ಉಪ್ಪು, ನಿಂಬೆರಸ, ಸಕ್ಕರೆ ಕಲಸಿ ಒಂದು ಬಾಟಲಿ ಇಟ್ಟುಕೊಳ್ಳುತ್ತೇನೆ. ನಿಂಬೆ ಅಲ್ಲಿ ಯಥೇಚ್ಛ.

ಮಂಡಿಯ ಮುಂಭಾಗ ನೋವಾದರೆ ಸಾಮಾನ್ಯವಾಗಿ ಸೀಟು ಕೆಳಗಿದೆ, ಹಿಂಭಾಗ ನೋವಾದರೆ ಎತ್ತರವಿದೆ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಮಾತ್ರ ಸರಿಸಿ. ‘ಟಿಂಗ್’ ಅಂತ ಸದ್ದಾಗಿ ಹಿಂದಿನ ಚಕ್ರ ಓಲಾಡಿದರೆ ಸ್ಪೋಕು ಹೋಗಿದೆ, ಅಲ್ಲೇ ನಿಲ್ಲಿ.

ಸಂಜೆ ಲೆಫ್ಕರಾದಲ್ಲಿ ಎಲ್ಲಾ ಬೋಲ್ಟು ಮತ್ತೆ ಬಿಗಿ ಮಾಡಿ. ಕ್ಯಾರಿಯರ್ ಬೋಲ್ಟು ಮೊದಲ ಏರಿಗೇ ಸಡಿಲವಾಗಿರುತ್ತದೆ.

## ಹಂತ 8: ಒಳ ಹಳ್ಳಿಗಳು, ಲೆಫ್ಕರಾದಿಂದ ಆಗ್ರೋಸ್

ಕಾಟೊ ಡ್ರಿಸ್, ವವ್ಲಾ, ಓರಾ, ಮೆಲಿನಿ, ಎಪ್ಟಗೋನಿಯಾ, ಅರಕಪಾಸ್, ಕಲೋ ಖೋರಿಯೊ, ಆಗ್ರೋಸ್. ಇಡೀ ಪ್ರವಾಸದಲ್ಲಿ ಕಷ್ಟದ ದಿನ ಇದೇ, ಚೆಂದದ ದಿನವೂ ಇದೇ. ಲೆಫ್ಕರಾ ಇರುವುದು ಸುಮಾರು 600 ಮೀ. ಎತ್ತರದಲ್ಲಿ, ಆಗ್ರೋಸ್ 1000ದ ಮೇಲೆ. ಹಾಗಾದರೆ 400 ಏರಿದರೆ ಆಯಿತು ಅಂದುಕೊಂಡರೆ ಕೆಟ್ಟಿರಿ. ಬೆಟ್ಟದ ಸಾಲುಗಳು ದಾರಿಗೆ ಅಡ್ಡ ಬರುತ್ತವೆ. ಏರಿದ್ದನ್ನು ಇಳಿದು ಮತ್ತೆ ಏರಬೇಕು, ಎರಡು ಮೂರು ಸಲ. ದೊಡ್ಡ ಏರು ಇರುವುದು ಕಲೋ ಖೋರಿಯೊ ಆದ ಮೇಲೆ, ದಿನದ ಕೊನೆಗೆ. ಬೆಳಗ್ಗೆಯ ಸಣ್ಣ ಏರುಗಳಲ್ಲಿ ಎಷ್ಟು ಉಳಿಸುತ್ತೀರೋ ಅಷ್ಟೇ ಸಂಜೆಗೆ ಗತಿ.

ಅಂಗಡಿಗಳನ್ನು ನಂಬಬೇಡಿ. ಸಣ್ಣ ಊರಲ್ಲಿ ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಭಾನುವಾರ ತೆಗೆಯುವುದೇ ಕಷ್ಟ. ಹೆಚ್ಚಾಗಿ ತೆರೆದಿರುವುದು ಕಫೆನಿಯೊ, ಊರ ಕಾಫಿಕಟ್ಟೆ. ಕಾಫಿ ಕೇಳುವಾಗ ಸಕ್ಕರೆಯನ್ನೂ ಆಗಲೇ ಹೇಳಬೇಕು, ಅದು ಪುಡಿಯ ಜೊತೆಯೇ ಕುದಿಯುತ್ತದೆ. ‘ಸ್ಕೆಟೊ’ ಅಂದರೆ ಸಕ್ಕರೆ ಇಲ್ಲದ್ದು, ‘ಮೆಟ್ರಿಯೊ’ ಅಂದರೆ ಹದ, ‘ಗ್ಲಿಕೊ’ ಸಿಹಿ. ತಳದಲ್ಲಿ ಗಸಿ ನಿಲ್ಲುತ್ತದೆ. ಕೊನೆಯ ಗುಟುಕು ಕುಡಿಯಬಾರದು, ನಾನು ಕುಡಿದಿದ್ದೇನೆ. ನೀರಿಗೆ ಅಲ್ಲಿ ‘ನೆರೊ’ ಅನ್ನುತ್ತಾರೆ. ಕನ್ನಡಿಗರಿಗೆ ಕಲಿಯಲು ಇಷ್ಟು ಸುಲಭದ ಗ್ರೀಕ್ ಪದ ಇನ್ನೊಂದಿಲ್ಲ.

ಓರಾ ದಾಟಿದ ಮೇಲಿನ ಒಂದು ಊರಲ್ಲಿ ಇಬ್ಬರು ಅಜ್ಜಂದಿರು ತವ್ಲಿ ಆಡುತ್ತಾ ಕೂತಿದ್ದರು. ನಮ್ಮ ಪಗಡೆಯ ಹಾಗೆ ದಾಳ ಹಾಕಿ ಕಾಯಿ ನಡೆಸುವ ಆಟ. ಒಬ್ಬರು ಎದ್ದು ಬಂದು ನನ್ನ ಹಿಂದಿನ ಟೈರನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. ಆಮೇಲೆ ಎರಡು ಬೆಂಕಿಕಡ್ಡಿ ತೆಗೆದು ಮೇಜಿನ ಮೇಲಿಟ್ಟರು. ಒಂದನ್ನು ಬೆರಳಿಂದ ಓರೆ ಎತ್ತಿ ಹಿಡಿದು ತಲೆ ಅಲ್ಲಾಡಿಸಿದರು, ಇನ್ನೊಂದನ್ನು ಚಪ್ಪಟೆಯಾಗಿ ಉದ್ದಕ್ಕೆ ತೋರಿಸಿ ‘ಸಿಗಾ, ಸಿಗಾ’ ಅಂದರು. ನಿಧಾನ, ನಿಧಾನ. ನನ್ನ ಫೋನು ತೋರಿಸುತ್ತಿದ್ದುದು ಮೊದಲ ಕಡ್ಡಿಯ ದಾರಿ. ಅಜ್ಜನ ಮಾತು ಕೇಳದೆ ಹೋದೆ. ಒಂದೂವರೆ ಕಿಲೋಮೀಟರಿಗೆ ಡಾಂಬರು ಮುಗಿದು ಸಡಿಲ ಕಲ್ಲು ಶುರುವಾಯಿತು, ವಾಪಸ್ ಅದೇ ಕಟ್ಟೆಗೇ ಬಂದೆ. ಅಜ್ಜ ತಲೆಯೆತ್ತದೆ ದಾಳ ಹಾಕಿದರು.

ಸಸ್ಯಾಹಾರಿಗಳಿಗೆ: ಉಪವಾಸದ ದಿನಗಳ ಅಡುಗೆಗೆ ‘ನಿಸ್ತೀಸಿಮೊ’ ಅನ್ನುತ್ತಾರೆ. ಮಾಂಸ, ಹಾಲು, ಮೊಟ್ಟೆ ಇಲ್ಲ. ಆದರೆ ಅವರ ಉಪವಾಸಕ್ಕೆ ಆಕ್ಟೋಪಸ್, ಸೀಗಡಿ ನಡೆಯುತ್ತದೆ! ಕೇಳಿಯೇ ತಿನ್ನಿ. ನಂಬಬಹುದಾದ ಒಂದು ತಿನಿಸು ‘ಲೂವಿ’: ಅಲಸಂದೆ ಕಾಳು ಬೇಯಿಸಿ ಸೊಪ್ಪು ಅಥವಾ ತರಕಾರಿ ಹಾಕಿ, ಮೇಲೆ ಆಲಿವ್ ಎಣ್ಣೆ, ನಿಂಬೆ. ಬೇಕರಿಯಲ್ಲಿ ಆಲಿವ್ ಹಾಕಿದ ‘ಎಲಿಯೊಪಿಟಾ’ ಮತ್ತು ಎಳ್ಳಿನ ಸಿಹಿ ‘ತಹಿನೊಪಿಟಾ’ ಸಿಗುತ್ತವೆ. ಎಳ್ಳಿನದು ಏರಿಗೆ ಬಹಳ ಒಳ್ಳೆಯದು, ಜೇಬಲ್ಲಿ ಕರಗಲ್ಲ. ‘ಕೂಪೆಸ್’ ನೋಡಲು ಬೋಂಡಾದ ಹಾಗೇ ಇರುತ್ತದೆ, ಒಳಗೆ ಸಾಮಾನ್ಯವಾಗಿ ಕೊಚ್ಚಿದ ಮಾಂಸ. ‘ಕೊಲೊಕಾಸಿ’ ಅಂದರೆ ನಮ್ಮ ಕೆಸುವಿನ ಗೆಡ್ಡೆಯೇ, ಆದರೆ ಹಂದಿಮಾಂಸದ ಜೊತೆ ಬೇಯಿಸುವ ರೂಢಿ ಇದೆ. ‘ಖೋರೀಸ್ ಕ್ರೆಯಾಸ್’, ಮಾಂಸ ಇಲ್ಲದೆ, ಎಂಬ ಎರಡು ಪದ ಬಾಯಿಪಾಠ ಮಾಡಿ.

ನಾಲ್ಕನೇ ದಿನ ಆಗ್ರೋಸ್‌ನಲ್ಲೇ ಇರಿ. ಬಟ್ಟೆ ಒಗೆಯಿರಿ, ಚೈನು ಒರೆಸಿ, ಮಲಗಿ. ಈ ದಿನವನ್ನು ಉಳಿಸಲು ಹೋದವರೇ ಟ್ಯಾಕ್ಸಿ ಹಿಡಿದವರು.

## ಹಂತ 9: ತುದಿ ದಾಟುವುದು

ಆಗ್ರೋಸ್‌ನಿಂದ ಕಿಪೆರೂಂಟಾ, ಕರ್ವೂನಾಸ್ ಕೂಡುರಸ್ತೆ, ಅಲ್ಲಿಂದ ಪೈನ್ ಕಾಡಿನ ನಡುವೆ ಟ್ರೂಡೋಸ್ ಚೌಕ, ಸುಮಾರು 1700 ಮೀ. ಶಿಖರಕ್ಕೆ ಹೋಗುವ ಆಸೆ ಬೇಕಿದ್ದರೆ ಇಡಿ, ಆದರೆ ತುತ್ತತುದಿ ಸೇನೆಯ ಜಾಗ, ಒಳಗೆ ಬಿಡಲ್ಲ. ನಾನಾದರೆ ಚೌಕದಲ್ಲೇ ನಿಲ್ಲುತ್ತೇನೆ.

ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಾಪ ಕಡಿಮೆಯಾಗುತ್ತದೆ. ಕಡಲ ಬಳಿ 22 ಇದ್ದರೆ ಇಲ್ಲಿ 11. ಏರುವಾಗ ಬೆವರಿ ಒದ್ದೆಯಾದ ಬನಿಯನ್ನಿನಲ್ಲೇ ಇಳಿದರೆ ಹತ್ತು ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ, ಬ್ರೇಕ್ ಹಿಡಿಯಲು ಆಗಲ್ಲ. ಒಣ ಬನಿಯನ್, ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಇವತ್ತು ಬ್ಯಾಗಿನ ಮೇಲ್ಗಡೆಯೇ ಇರಲಿ.

ಈ ಕಾಡಿನಲ್ಲಿ ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಹೊಗೆ ಕಂಡರೆ ಅರಣ್ಯ ಇಲಾಖೆಯ ಸಂಖ್ಯೆ 1407. ಬೇರೆ ಎಲ್ಲ ತುರ್ತಿಗೂ 112.

## ಹಂತ 10: ಇಳಿಯುವುದು

ಏರುವಾಗ ಜನ ಸೋಲುತ್ತಾರೆ, ಇಳಿಯುವಾಗ ಬೀಳುತ್ತಾರೆ. ಚೌಕದಿಂದ ಪ್ಲಾಟ್ರೆಸ್‌ಗೆ, ಮರುದಿನ ಪ್ಲಾಟ್ರೆಸ್‌ನಿಂದ ಒಮೊಡೋಸ್ ಮೇಲೆ ಲಿಮಸೋಲಿಗೆ. ಹೆಚ್ಚೂ ಕಡಿಮೆ 1700 ಮೀ. ಇಳಿತವನ್ನು ನಿಮ್ಮ ನಾಲ್ಕು ತುಂಡು ಪ್ಯಾಡು ತಡೆಯಬೇಕು.

1. ಹೊರಡುವ ಮುಂಚೆ ಪ್ಯಾಡಿನ ದಪ್ಪ ನೋಡಿ. ಒಂದು ಮಿಲಿಮೀಟರ್ ಉಳಿದಿದ್ದರೆ ಮೇಲೇ ಬದಲಾಯಿಸಿ.
2. ತಿರುವಿನ ಮುಂಚೆ, ಸೈಕಲ್ ನೆಟ್ಟಗಿರುವಾಗ, ಗಟ್ಟಿಯಾಗಿ ಹಿಡಿದು ವೇಗ ಇಳಿಸಿ. ತಿರುವಿನೊಳಗೆ ಬಿಟ್ಟುಬಿಡಿ.
3. ಉದ್ದಕ್ಕೂ ಮೆಲ್ಲಗೆ ಹಿಡಿದುಕೊಂಡೇ ಇಳಿಯಬೇಡಿ. ಬಿಸಿ ಏರುವುದೇ ಹಾಗೆ. ಹಿಡಿ, ಬಿಡು, ಹಿಡಿ, ಬಿಡು.
4. ಹತ್ತು ನಿಮಿಷಕ್ಕೊಮ್ಮೆ ನಿಂತು ಆರಲು ಬಿಡಿ.

ಒಮ್ಮೆ ಪ್ಲಾಟ್ರೆಸ್‌ಗೆ ಇಳಿಯುವಾಗ ನಾನು ಮೂರನೆಯದನ್ನು ಮರೆತೆ. ಮೊದಲು ಡಿಸ್ಕ್ ಸಣ್ಣಗೆ ಕಿರುಗುಟ್ಟಿತು. ಆಮೇಲೆ ಕೂದಲು ಸುಟ್ಟಂಥ ವಾಸನೆ. ಲಿವರ್ ನಿಧಾನಕ್ಕೆ ಹ್ಯಾಂಡಲ್ಲಿನ ಹತ್ತಿರ ಬರತೊಡಗಿತು. ಹೇಗೋ ನಿಲ್ಲಿಸಿ, ಬಾಟಲಿ ತೆಗೆಯುವಾಗ ಎರಡು ಹನಿ ಡಿಸ್ಕಿನ ಮೇಲೆ ಬಿತ್ತು. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್ ಅಂತು. ವಾಸನೆ, ಕಿರುಗುಟ್ಟುವಿಕೆ, ಲಿವರ್ ಹತ್ತಿರ ಬರುವುದು, ಈ ಮೂರರಲ್ಲಿ ಒಂದು ಕಂಡರೂ ನಿಲ್ಲಿ. ಬೇಕೆಂದೇ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ರಿಮ್ ಬ್ರೇಕ್ ಆದರೆ ರಿಮ್ಮೇ ಬಿಸಿಯಾಗಿ ಟ್ಯೂಬು ಸಿಡಿಯುತ್ತದೆ, ಇನ್ನೂ ಬೇಗ ನಿಲ್ಲಿ.

ಪೈನ್ ಸೂಜಿ ಎಲೆಗಳು ತಿರುವಿನ ಒಳಬದಿಗೆ ರಾಶಿ ಬಿದ್ದಿರುತ್ತವೆ. ನೆರಳಲ್ಲಿ ಒದ್ದೆಯಾಗಿದ್ದರೆ ಸಾಬೂನಿನ ಹಾಗೆ ಜಾರುತ್ತದೆ. ಆಡಿನ ಹಿಂಡೂ ತಿರುವಿನಾಚೆಯೇ ಸಿಗುತ್ತದೆ.

## ಹಂತ 11: ಯಾವಾಗ ಬಿಟ್ಟು ಹಿಂತಿರುಗಬೇಕು

ಬಿಸಿಲಲ್ಲೂ ಮೈ ಜುಮ್ಮೆಂದು ರೋಮ ನಿಂತರೆ, ಬೆವರು ನಿಂತರೆ, ತಲೆನೋವಿನ ಜೊತೆ ವಾಕರಿಕೆ ಬಂದರೆ ಅಂದಿನ ಸವಾರಿ ಮುಗಿಯಿತು. ನೆರಳಿಗೆ ಹೋಗಿ, ಕತ್ತು ಕಂಕುಳಿಗೆ ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಮಾತು ತೊದಲಿದರೆ 112. ಸುಮ್ಸುಮ್ನೆ ಜೊತೆಗಾರನ ಮೇಲೆ ಸಿಟ್ಟು ಬರುತ್ತಿದ್ದರೆ ಅದು ಹಸಿವು, ಏನಾದರೂ ಸಿಹಿ ಕೊಡಿ.

ದ್ವೀಪದಲ್ಲಿ ರೈಲು ಇಲ್ಲ. ಹಾಗಾಗಿ ಪ್ರತಿ ರಾತ್ರಿ ತಂಗುವ ಮನೆಯವರನ್ನೇ ಕೇಳಿ, ಸೈಕಲ್ ಹಿಡಿಸುವ ಟ್ಯಾಕ್ಸಿಯ ಒಂದು ನಂಬರ್ ಬರೆದಿಟ್ಟುಕೊಳ್ಳಿ. ಬೇಡವಾದರೆ ಒಳ್ಳೆಯದೇ. ಮಧ್ಯಾಹ್ನ ಎರಡು ಗಂಟೆಯ ಒಳಗೆ ದಿನದ ಅರ್ಧ ಏರಿಕೆ ಮುಗಿಯದಿದ್ದರೆ ಕರೆ ಮಾಡುವುದು ಎಂದು ಬೆಳಗ್ಗೆಯೇ ಇಬ್ಬರೂ ಒಪ್ಪಿಕೊಳ್ಳಿ. ಸುಸ್ತಾದ ಮೇಲೆ ಇಂಥ ಚರ್ಚೆ ಜಗಳಕ್ಕೇ ಹೋಗುತ್ತದೆ.

## ಹಂತ 12: ಲಾರ್ನಕಾಗೆ ವಾಪಸ್

ಲಿಮಸೋಲಿನಿಂದ ಲಾರ್ನಕಾ ಹಳೆ ರಸ್ತೆಯಲ್ಲಿ ಸುಮಾರು 70 ಕಿ.ಮೀ., ದೊಡ್ಡ ಏರಿಲ್ಲ. ನಡುವೆ ವಸಿಲಿಕೋಸ್‌ನಲ್ಲಿ ವಿದ್ಯುತ್ ಸ್ಥಾವರ, ಸಿಮೆಂಟ್ ಕಾರ್ಖಾನೆ ಇವೆ. ಕೆಲಸದ ದಿನ ಲಾರಿಗಳ ಸಾಲು, ಧೂಳು. ಈ ದಿನ ಭಾನುವಾರ ಬರುವ ಹಾಗೆ ಹೊಂದಿಸಿದರೆ ಆ ತುಂಡು ಖಾಲಿ ಸಿಗುತ್ತದೆ. ಅಂದರೆ ಲಾರ್ನಕಾದಿಂದ ಹೊರಡುವುದು ಸೋಮವಾರ. ಬೆಳಗಿನ ತಿಂಡಿ ಲಿಮಸೋಲಿನಲ್ಲೇ ಕಟ್ಟಿಸಿಕೊಳ್ಳಿ.

ಸೈಕಲ್ಲಿನ ರಟ್ಟಿನ ಪೆಟ್ಟಿಗೆಯನ್ನು ಲಾರ್ನಕಾದಲ್ಲಿ ಮೊದಲ ರಾತ್ರಿ ತಂಗಿದ ಮನೆಯಲ್ಲಿ ಇಟ್ಟು ಹೋಗುವುದು ಉತ್ತಮ, ಬುಕ್ ಮಾಡುವಾಗಲೇ ಕೇಳಿ. ಒಪ್ಪದಿದ್ದರೆ ಲಾರ್ನಕಾದ ಸೈಕಲ್ ಅಂಗಡಿಗೆ ಆಗ್ರೋಸ್‌ನಿಂದಲೇ ಫೋನ್ ಮಾಡಿ ಖಾಲಿ ಪೆಟ್ಟಿಗೆ ಒಂದನ್ನು ಎತ್ತಿಡಲು ಹೇಳಿ, ಶನಿವಾರ ಅಂಗಡಿ ಮುಚ್ಚುವ ಮುನ್ನ ತಂಗುವ ಮನೆಗೆ ತಲುಪಿಸುತ್ತಾರಾ ಎಂದೂ ಕೇಳಿ. ಭಾನುವಾರ ಸಂಜೆ ಲಾರ್ನಕಾದಲ್ಲಿ ಇಳಿದು ಪೆಟ್ಟಿಗೆ ಹುಡುಕಿದರೆ ಸಿಗುವುದು ಫ್ರಿಜ್ಜಿನ ಡಬ್ಬ ಮಾತ್ರ. ಅದರಲ್ಲೂ ಹಿಡಿಸಬಹುದು, ನಾನು ಹಿಡಿಸಿದ್ದೇನೆ, ಆದರೆ ಮೂರು ಸುರುಳಿ ಟೇಪು ಬೇಕಾಯಿತು.